ಇನ್ನೊಂದು ರಾಚೆಟ್

ಕುಡಿದು ಬಂದವನನ್ನು ಬಾಯಿಯ ವಾಸನೆಯೇ ಹಿಡಿದುಕೊಡುತ್ತದೆ. ಇಸ್ಪೀಟಿನಲ್ಲಿ ಸೋತವನ ಮುಖ ನೋಡಿದರೆ ಸಾಕು. ಆದರೆ ಈ ಮೇಸ್ತ್ರಿಯ ಚಟಕ್ಕಿದ್ದದ್ದು ಗ್ರೀಸಿನ ವಾಸನೆ. ಕಾರು ರಿಪೇರಿ ಮಾಡುವವನ ಮೈಯಲ್ಲಿ ಅದು ಹೇಗೂ ಇದ್ದೇ ಇರುತ್ತದಲ್ಲ! ಹಾಗಾಗಿ ಹೆಂಡತಿಗೆ ವಿಷಯ ಗೊತ್ತಾಗುವಷ್ಟರಲ್ಲಿ ಎಲ್ಲ ಕೈಮೀರಿತ್ತು.

ಅವನಿಗಿದ್ದದ್ದು ಟೂಲ್ಸ್ ಕೊಳ್ಳುವ ಹುಚ್ಚು. ಕೆಲಸ ಕಲಿಯುವ ಕಾಲದಲ್ಲಿ ಸ್ವಂತದ್ದು ಅಂತ ಒಂದು ಸ್ಪ್ಯಾನರ್ ಇರಲಿಲ್ಲ. ದೊಡ್ಡ ಮೇಸ್ತ್ರಿಗಳ ಪೆಟ್ಟಿಗೆಗೆ ಕೈಹಾಕಿದರೆ ಬೈಗುಳದ ಸುರಿಮಳೆ. ಆಗ ಹತ್ತಿದ ಆಸೆ ಸ್ವಂತ ಗ್ಯಾರೇಜು ಮಾಡಿದ ಮೇಲೂ ತಣಿಯಲಿಲ್ಲ. ಹತ್ತನೇ ನಂಬರಿನ ಸ್ಪ್ಯಾನರ್ ಕೈಗೆ ಸಿಗಲಿಲ್ಲವೇ? ಬೇರೆಯವರಾದರೆ ಹುಡುಕುತ್ತಾರೆ, ಇವನು ಇನ್ನೊಂದು ಕೊಳ್ಳುತ್ತಿದ್ದ. ಸಂಜೆಗೆ ಮೊದಲಿನದು ಸಿಕ್ಕರೆ ಬೇಸರವೇನಿಲ್ಲ, ಎರಡಾಯಿತಲ್ಲ ಎಂದು ಖುಷಿ. ಬೀದಿಯವರೆಲ್ಲ ಅವನನ್ನು ‘ಡಬಲ್‌ಸೆಟ್ಟು’ ಎಂದು ಕರೆಯುತ್ತಿದ್ದರು. ಪಾಪ, ಅವರಿಗೆ ಲೆಕ್ಕ ಸರಿಯಾಗಿ ಗೊತ್ತಿರಲಿಲ್ಲ.

ಗ್ಯಾರೇಜಿನ ಬೀರುಗಳು ತುಂಬಿದ ಮೇಲೆ ಟೂಲ್ಸು ಮನೆಗೆ ಬಂದವು. ಮಗಳ ಮಂಚದ ಕೆಳಗೆ ಜಾಕು, ಅಡುಗೆಮನೆಯ ಅಟ್ಟದಲ್ಲಿ ಪ್ಲಾಸ್ಟಿಕ್ಕು ಬಿಚ್ಚದ ಸಾಕೆಟ್ ಸೆಟ್ಟು. ಒಂದು ದಿನ ಹೊದಿಕೆ ತೆಗೆಯಲು ಹೋದ ಹೆಂಡತಿಯ ಕಾಲಿನ ಮೇಲೆ ಸುತ್ತಿಗೆ ಬಿತ್ತು. ಅವಳು ಕೂಗಾಡಲಿಲ್ಲ. ಕಾಲು ಒತ್ತಿಕೊಳ್ಳುತ್ತಲೇ, “ಇದು ಯಾವಾಗ ಬಂತು?” ಎಂದು ಕೇಳಿದಳು. ಅವನು “ಹಳೇದು ಕಣೇ” ಅಂದ. ಹಿಡಿಕೆಯ ಮೇಲೆ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು.

“ನೋಡ್ರೀ,” ಅಂದಳು ಅವಳು. “ಟೂಲ್ಸಿಗೆ ನನಗೆ ಹೊಟ್ಟೆ ಉರೀತಿಲ್ಲ. ನೀವು ನನ್ನ ಮುಖ ನೋಡ್ಕೊಂಡು ಸುಳ್ಳು ಹೇಳ್ತೀರಲ್ಲ, ಅದಕ್ಕೆ. ಇನ್ನೊಂದು ಸಲ ಹೀಗಾದ್ರೆ ನಾನು ಜಗಳ ಆಡಲ್ಲ. ಮಗಳನ್ನ ಕರ್ಕೊಂಡು ಹೊರಟ್ಬಿಡ್ತೀನಿ.”

ಅವಳು ಹೇಳಿದ್ದನ್ನು ಮಾಡುವ ಹೆಂಗಸು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಗಳ ಮೇಲೆ ಆಣೆಯಿಟ್ಟು, ಇನ್ನು ಒಂದು ಮೊಳೆಯನ್ನೂ ಕೊಳ್ಳುವುದಿಲ್ಲ ಅಂದ. ಹಾಗೆ ಅಂದಾಗ ಅದು ನಿಜವೂ ಆಗಿತ್ತು.

ಹಾಗೇ ನಡೆದಿತ್ತು, ವ್ಯಾನಿನಲ್ಲಿ ಟೂಲ್ಸ್ ಹೇರಿಕೊಂಡು ಗ್ಯಾರೇಜುಗಳಿಗೆ ಮಾರುವವನು ಒಂದು ಬೆಳಿಗ್ಗೆ ಬರುವ ತನಕ. ಮೇಸ್ತ್ರಿ ಹೆಂಡತಿಯ ಅಣ್ಣನ ಹಳೇ ಕಾರಿಗೆ ಫ್ಯಾನ್ ಬೆಲ್ಟ್ ಹಾಕಿ ಮುಗಿಸುತ್ತಿದ್ದ. ಭಾವ ಆ ಕಾರಿನಲ್ಲೇ ತಂಗಿಯನ್ನೂ ಅವಳ ಮಗಳನ್ನೂ ಗುಡ್ಡದಾಚೆಯ ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋಗುವವನಿದ್ದ.

“ನಾನು ಬಿಟ್ಟಿದೀನಿ ಕಣಯ್ಯ, ಮುಂದೆ ಹೋಗು,” ಅಂದ ಮೇಸ್ತ್ರಿ, ತಲೆಯೆತ್ತದೆ.

“ತಗೊಳ್ಳಿ ಅಂತ ಯಾರಂದ್ರು? ಸುಮ್ನೆ ಕೈಯಲ್ಲಿ ಹಿಡಿದು ನೋಡಿ ಮೇಸ್ತ್ರಿ.”

ರಾಚೆಟ್ ಅದು. ಬೋಲ್ಟಿನ ಮೇಲೆ ಕೂರಿಸಿ ಹಿಡಿಕೆಯನ್ನು ಹಿಂದೆಮುಂದೆ ಆಡಿಸಿದರೆ ಸಾಕು, ಕಿರ್ರ್ ಕಿರ್ರ್ ಎಂದು ಬಿಗಿದುಕೊಂಡು ಹೋಗುತ್ತದೆ. ಅಂಥವು ಅವನ ಬಳಿ ರಾಶಿ ಬಿದ್ದಿದ್ದವು. ಆದರೆ ಇದರ ಕತ್ತು ಬಗ್ಗುತ್ತಿತ್ತು. ಮೇಸ್ತ್ರಿ ಹೆಬ್ಬೆರಳಿನಿಂದ ಅದರ ತಲೆ ತಿರುಗಿಸಿದ. ಕಿರ್ರ್. ಎಷ್ಟು ಸಣ್ಣ, ಎಷ್ಟು ನುಣುಪಾದ ಸದ್ದು! ಇನ್ನೊಮ್ಮೆ ತಿರುಗಿಸಿದ. ಆಮೇಲೇನಾಯಿತು ಎಂದು ಹೇಳಬೇಕೇ? ವ್ಯಾನು ಹೋಯಿತು, ರಾಚೆಟ್ ಉಳಿಯಿತು.

“ರೀ, ಗಾಡಿ ಆಯ್ತಾ?”

ಹೆಂಡತಿ! ಮಗಳ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮೇಸ್ತ್ರಿಯ ಕೈ ಅವನನ್ನು ಕೇಳಲೇ ಇಲ್ಲ. ರಾಚೆಟ್ಟನ್ನು ಎಂಜಿನ್ನಿನ ಹಿಂದಿನ ಸಂದಿಗೆ ತುರುಕಿಬಿಟ್ಟಿತು. ಅವಳು ಆಚೆ ಹೋದ ತಕ್ಷಣ ತೆಗೆದರಾಯಿತು ಅಂದುಕೊಂಡ. ಅವಳು ಕಾರಿನ ಪಕ್ಕದಿಂದ ಕದಲಲಿಲ್ಲ. ಅಷ್ಟರಲ್ಲಿ ಭಾವ ಬಂದ, ಚೀಲಗಳನ್ನು ಹಿಂದಿಟ್ಟ, ಬಾನೆಟ್ಟನ್ನು ದಢಾರನೆ ಮುಚ್ಚಿದ.

ಮೇಸ್ತ್ರಿ ಬಾಯಿ ತೆರೆದ. ಹೆಂಡತಿ ಅವನ ಮುಖ ನೋಡಿದಳು. ಅವನು ಬಾಯಿ ಮುಚ್ಚಿಕೊಂಡ. ಎಲ್ಲಿ ಹೋಗುತ್ತೆ, ಸಂದಿಯಲ್ಲಿ ಭದ್ರವಾಗಿ ಕೂತಿದೆ, ವಾಪಸ್ ಬಂದಾಗ ತೆಗೆದರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಮಗಳು ಹಿಂದಿನ ಗಾಜಿನಿಂದ ಕೈಬೀಸಿದಳು, ಇವನೂ ಬೀಸಿದ.

ಇನ್ನೊಂದು ಕಾರಿನ ಕೆಲಸಕ್ಕೆ ಬಗ್ಗಿದಾಗ ಕೈಯಿಂದ ಬೋಲ್ಟೊಂದು ಜಾರಿತು. ಟಣ್ ಎಂದು ಎಂಜಿನ್ನಿಗೆ ಬಡಿಯಿತು, ಮತ್ತೆಲ್ಲೋ ಬಡಿಯಿತು, ಸಂದಿಯಿಂದ ಸಂದಿಗೆ ಇಳಿದು ನೆಲಕ್ಕೆ ಬಿತ್ತು. ಮೇಸ್ತ್ರಿಗೆ ರಾಚೆಟ್ ನೆನಪಾಯಿತು. ಭಾವನ ಕಾರಿನ ಆ ಸಂದಿಯ ಕೆಳಗೆ ಏನಿದೆ? ಸ್ಟೇರಿಂಗಿನ ರಾಡು. ಗಾಡಿ ಕುಲುಕಿದ ಹಾಗೆಲ್ಲ ರಾಚೆಟ್ ಕೆಳಗಿಳಿಯುತ್ತದೆ. ಇಳಿದು ಆ ರಾಡಿನ ಕೀಲಿಗೆ ಸಿಕ್ಕಿಕೊಂಡರೆ ಸ್ಟೇರಿಂಗ್ ತಿರುಗುವುದಿಲ್ಲ. ಮುಂದಿರುವುದೋ ಗುಡ್ಡದ ರಸ್ತೆ, ತಿರುವಿನ ಮೇಲೆ ತಿರುವು, ಪಕ್ಕದಲ್ಲಿ ಕಣಿವೆ.

ಭಾವನಿಗೆ ಫೋನ್ ಹಚ್ಚಿದ.

“ಭಾವ, ಒಂದ್ನಿಮಿಷ ಗಾಡಿ ಪಕ್ಕಕ್ಕೆ ಹಾಕಿ.”

“ಯಾಕಯ್ಯಾ?”

ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಫೋನಿನಲ್ಲಿ ಹೆಂಡತಿಯ ನಗು ಕೇಳಿಸಿತು, ಮಗಳು ಏನೋ ಹೇಳಿರಬೇಕು. ಆ ನಗು ಕೇಳಿ ಎಷ್ಟು ದಿನವಾಗಿತ್ತೋ.

“ಏನಿಲ್ಲ... ರೇಡಿಯೇಟರ್ ಮುಚ್ಚಳ ಸರಿಯಾಗಿ ಹಾಕಿದ್ನೋ ಇಲ್ವೋ ಅಂತ ಅನುಮಾನ. ಬಾನೆಟ್ ಎತ್ತಿ ಸ್ವಲ್ಪ ನೋಡ್ಬಿಡಿ.”

ಬಾನೆಟ್ ಎತ್ತಿದರೆ ರಾಚೆಟ್ ಕಂಡೇ ಕಾಣುತ್ತದೆ, ಆಗ ‘ಅಯ್ಯೋ, ಹಳೇದು, ಅಲ್ಲೇ ಮರೆತೆ’ ಅಂದರಾಯಿತು ಎಂದು ಅವನ ಲೆಕ್ಕಾಚಾರ. ಜೀವ ಹೋಗುವ ಹೊತ್ತಿನಲ್ಲೂ ಎಂಥ ಬುದ್ಧಿ ನೋಡಿ! ಕಾರು ನಿಂತ ಸದ್ದು, ಬಾನೆಟ್ ಎತ್ತಿದ ಸದ್ದು ಕೇಳಿಸಿತು.

“ಬಟ್ಟೆ ಹಿಡಿದು ಅಲ್ಲಾಡಿಸಿ ನೋಡ್ದೆ ಕಣಯ್ಯ. ಕಲ್ಲಿನ ಹಾಗೆ ಕೂತಿದೆ.”

“ಬೇರೆ... ಬೇರೇನಾದ್ರೂ ಕಾಣ್ತಾ ಭಾವ?”

“ಬೇರೇನು ಕಾಣ್ಬೇಕು? ನಿನ್ನ ಕೆಲಸದ ಮೇಲೆ ನಿನಗೇ ನಂಬಿಕೆ ಇಲ್ವಲ್ಲಪ್ಪ!” ಭಾವ ನಗುತ್ತಾ ಫೋನ್ ಇಟ್ಟ.

ಮೇಸ್ತ್ರಿ ಫೋನನ್ನು ಜೇಬಿಗಿಟ್ಟು ಸ್ಪ್ಯಾನರ್ ಕೈಗೆತ್ತಿಕೊಂಡ, ಕೆಳಗಿಟ್ಟ. ಆಮೇಲೆ ಮತ್ತೆ ಹಚ್ಚಿದ. ಸಿಗಲಿಲ್ಲ. ಹೆಂಡತಿಗೆ ಹಚ್ಚಿದ. ಸಿಗಲಿಲ್ಲ. ಗುಡ್ಡ ಹತ್ತಲು ಶುರುಮಾಡಿದರು ಅಂತಲೇ ಅರ್ಥ. ಗ್ಯಾರೇಜಿನ ಬಾಗಿಲನ್ನೂ ಎಳೆಯದೆ ಸ್ಕೂಟರ್ ಹತ್ತಿ ಹೊರಟ. ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡ. ಅಡಿಗಡಿಗೆ ಸ್ಕೂಟರ್ ನಿಲ್ಲಿಸಿ ಫೋನ್ ಮಾಡಿದ. ಗುಡ್ಡದ ಬುಡದಲ್ಲಿ, ಕೊನೆಗೂ, ಹೆಂಡತಿಯ ದನಿ ಕೇಳಿಸಿತು.

“ಏನ್ರೀ, ಮತ್ತೆ ಮುಚ್ಚಳನಾ?”

“ಮುಚ್ಚಳ ಅಲ್ಲ ಕಣೇ. ಸುಳ್ಳು ಹೇಳ್ದೆ. ಬೆಳಿಗ್ಗೆ ಒಂದು ರಾಚೆಟ್ ತಗೊಂಡೆ, ಹೊಸದು. ನೀನು ಬಂದೆ ಅಂತ ಎಂಜಿನ್ ಹಿಂದೆ ಬಚ್ಚಿಟ್ಟೆ. ಅದು ಸ್ಟೇರಿಂಗಿಗೆ ಸಿಕ್ಕೊಂಡ್ರೆ... ನಿಲ್ಸೋಕೆ ಹೇಳು. ಈಗ್ಲೇ, ಈಗ್ಲೇ!”

ಆ ಕಡೆಯಿಂದ ಅವಳ ದನಿ ಬಂತು, ಇವನಿಗಲ್ಲ: “ಅಣ್ಣಾ, ಗಾಡಿ ನಿಲ್ಸು.”

“ಈ ತಿರುವಲ್ಲೇನಾ? ಸ್ವಲ್ಪ ಮುಂದೆ...”

“ಈಗ್ಲೇ ನಿಲ್ಸು ಅಂದೆ!”

ಬ್ರೇಕು ಕಿರುಚಿತು. ಅದರ ಮೇಲೆ ಭಾವನ ಕೂಗು. “ತಿರುಗ್ತಿಲ್ಲ ಕಣೇ! ಸ್ಟೇರಿಂಗ್ ತಿರುಗ್ತಾನೇ ಇಲ್ಲ!” ಮಗಳು ಚೀರಿದಳು. ಧಡ್ ಎಂದು ಏನೋ ಬಡಿಯಿತು, ಫೋನ್ ಸತ್ತುಹೋಯಿತು.

ಗುಡ್ಡವನ್ನು ಹೇಗೆ ಹತ್ತಿದನೋ ಅವನಿಗೇ ಗೊತ್ತಿಲ್ಲ. ಪ್ರತಿ ತಿರುವಿನಲ್ಲೂ ಕಣಿವೆಯ ಕಡೆಯ ತಡೆಗಲ್ಲುಗಳನ್ನು ನೋಡುತ್ತಿದ್ದ. ನಿಂತಿವೆಯೇ? ನಿಂತಿವೆ. ಮುಂದಿನ ತಿರುವು. ಇಲ್ಲೂ ನಿಂತಿವೆ. ಒಂದು ತಿರುವಿನಲ್ಲಿ ಕಾರು ಕಾಣಿಸಿತು, ಕಣಿವೆಯ ಕಡೆಗಲ್ಲ, ಗುಡ್ಡದ ಬದಿಯ ಚರಂಡಿಗೆ ಮೂತಿ ಇಳಿಸಿ ನಿಂತಿತ್ತು. ಪಕ್ಕದಲ್ಲಿ ಮೂವರೂ ಇದ್ದರು. ಮಗಳು ಕಲ್ಲಿನ ಮೇಲೆ ಕೂತಿದ್ದಳು. ಹೆಂಡತಿಯ ಮೊಣಕೈ ತರಚಿತ್ತು. ಅಷ್ಟೇ. ಮೇಸ್ತ್ರಿಗೆ ಅಳು ಉಕ್ಕಿ ಬಂತು, ತಡೆದುಕೊಳ್ಳಲೂ ಹೋಗಲಿಲ್ಲ.

ಭಾವ ಬೈಯಲಿಲ್ಲ. ಬಾನೆಟ್ ಎತ್ತಿ, “ತೆಗಿ ಅದನ್ನ,” ಅಂದ.

ರಾಚೆಟ್ ರಾಡಿನ ಕೀಲಿಗೆ ಕಚ್ಚಿಕೊಂಡಿತ್ತು. ಮೀಟಿ ತೆಗೆಯಲು ಏನಾದರೂ ಬೇಕಲ್ಲ ಎಂದು ಮೇಸ್ತ್ರಿ ಜೇಬು ತಡಕಿದ. ಮನೆ, ಗ್ಯಾರೇಜು ಎಲ್ಲ ಟೂಲ್ಸಿನಿಂದ ತುಂಬಿಸಿದವನ ಹತ್ತಿರ ಒಂದು ಸ್ಕ್ರೂಡ್ರೈವರ್ ಕೂಡ ಇರಲಿಲ್ಲ. ಬಿಸಿ ಎಂಜಿನ್ನಿನ ಸಂದಿಗೆ ಬರಿಗೈ ಇಳಿಸಿದ. ಚರ್ಮ ಚುರ್ರೆಂದರೂ ಬಿಡದೆ ಎಳೆದ. ಈಚೆ ಬಂದ ರಾಚೆಟ್ಟಿನ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ.

“ಅಪ್ಪಾ, ಅದನ್ನ ನಾನು ಆಗ್ಲೇ ನೋಡಿದ್ದೆ,” ಅಂದಳು ಮಗಳು. “ಮಾವ ಮುಚ್ಚಳ ನೋಡ್ತಿದ್ರಲ್ಲ, ಆಗ ಹಿಂದೆ ಹೊಳೀತಿತ್ತು. ನೀನು ಮುಚ್ಚಳ ಅಂದ್ಯಲ್ಲ, ಅದಕ್ಕೇ ಸುಮ್ನಾದೆ.”

ಹೆಂಡತಿ ಆಗ ಅವನ ಕಡೆ ತಿರುಗಿದಳು. “ಆಗ ನಾವಿನ್ನೂ ಬಯಲಲ್ಲಿದ್ವಿ ಕಣ್ರೀ. ಮರದ ನೆರಳಲ್ಲಿ ಗಾಡಿ ನಿಂತಿತ್ತು. ಬಾನೆಟ್ ತೆರೆದಿತ್ತು. ಒಂದು ಮಾತು ಹೇಳಿದ್ರೆ ಸಾಕಿತ್ತು.”

“ತಪ್ಪಾಯ್ತು ಕಣೇ. ಎಲ್ಲಾ ಮಾರ್ಬಿಡ್ತೀನಿ. ಬೀರು ಸಮೇತ ಮಾರ್ಬಿಡ್ತೀನಿ. ಇನ್ನು ಜನ್ಮದಲ್ಲಿ ಆ ವ್ಯಾನಿನ ಕಡೆ ತಲೆ ಹಾಕಲ್ಲ, ನನ್ನಾಣೆ, ಮಗಳಾಣೆ, ಈ ಸಲ ನಂಬು...” ಕಣ್ಣೀರು ಸುರಿಯುತ್ತಿತ್ತು, ಮಾತು ನಿಲ್ಲುತ್ತಿರಲಿಲ್ಲ. ಒಂದೊಂದು ಮಾತನ್ನೂ ಅವನು ಮನಸಾರೆ ಹೇಳುತ್ತಿದ್ದ.

ಹೆಂಡತಿ ಅವನ ಮುಖ ನೋಡುತ್ತಿರಲಿಲ್ಲ. ಅವನ ಕೈ ನೋಡುತ್ತಿದ್ದಳು.

“ಮೊದಲು ಅದನ್ನ ಕೆಳಗಿಡಿ,” ಅಂದಳು. “ಆಮೇಲೆ ಆಣೆ ಇಡೋರಂತೆ.”

ಮೇಸ್ತ್ರಿ ಮಾತು ನಿಲ್ಲಿಸಿದ. ಆಗ ಅವನಿಗೆ ಆ ಸದ್ದು ಕೇಳಿಸಿತು. ಕಿರ್ರ್. ಕಿರ್ರ್. ಸುಟ್ಟು ಬೊಬ್ಬೆ ಎದ್ದ ಹೆಬ್ಬೆರಳು ರಾಚೆಟ್ಟಿನ ತಲೆಯನ್ನು ತಿರುಗಿಸುತ್ತಲೇ ಇತ್ತು.