ಜವರಪ್ಪ ಗಾಡಿ ತೆಗೆಯಲಿಲ್ಲ

ಸೂಲಿಬೆಲೆಯ ಬೆಂಕಿ ಗಾಡಿಯ ಡ್ರೈವರ್ ಜವರಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ ಅಂತ ಊರವರು ಹೇಳುತ್ತಿದ್ದರು. ಅವರಿಗೇನು ಗೊತ್ತು? ಅವನ ಕೋಪ ಇದ್ದದ್ದು ಖಾಕಿ ಅಂಗಿಯ ಜೇಬಿನಲ್ಲಿ, ನಾಲ್ಕು ಮಡಿಕೆ ಮಡಚಿದ ಒಂದು ಸಂಬಳದ ಚೀಟಿಯಲ್ಲಿ. ಅಂಗಿ ಒಗೆಯುವಾಗ ಹೆಂಡತಿ ಮುನಿಗಂಗಮ್ಮ ಅದನ್ನು ತೆಗೆದಿಟ್ಟು, ಒಣಗಿದ ಮೇಲೆ ಮತ್ತೆ ಅದೇ ಜೇಬಿಗೆ ಸೇರಿಸಬೇಕಿತ್ತು. ಹತ್ತು ತಿಂಗಳಿಂದ ಇದೇ ನಡೆದಿತ್ತು.

ಆ ಚೀಟಿಯ ಕಥೆ ಶುರುವಾದದ್ದು ತೊಂಬತ್ತೆರಡರಲ್ಲಿ. ಸರ್ಕಾರದ ಖಜಾನೆ ಬರಿದಾಗಿತ್ತು. ಕಟ್ಟಡಗಳ ಮೇಲೆ ಸಣ್ಣದೊಂದು ಬೆಂಕಿ ತೆರಿಗೆ ಹಾಕೋಣ ಅನ್ನುವ ಮಾತು ಬಂತು. ಗೋದಾಮು, ಕಾರ್ಖಾನೆ ಇಟ್ಟುಕೊಂಡವರು ಬಾಯಿ ಬಾಯಿ ಬಡಿದುಕೊಂಡರು. ಆಗ ಮಂತ್ರಿಯೊಬ್ಬರು ನಮ್ಮ ಕಡೆಗೇ ಬಂದು, ತುಂಬಿದ ಸಭೆಯಲ್ಲಿ ಮೈಕ್ ಹಿಡಿದರು.

"ವರ್ಷಕ್ಕೆ ನಾಲ್ಕು ಸಲ ಬೆಂಕಿ ಬೀಳುತ್ತೆ. ಮಿಕ್ಕ ದಿನ ಈ ಬೆಂಕಿ ಆರಿಸೋರು ಕೂತ್ಕೊಂಡು ಚೌಕಾಬಾರ ಆಡ್ತಾರೆ. ಅದಕ್ಕೆ ನಿಮ್ಮ ಹತ್ರ ತೆರಿಗೆ ಕೇಳೋಕೆ ನನಗೆ ನಾಚಿಕೆ ಆಗಲ್ವಾ?"

ಎಂಥಾ ಚಪ್ಪಾಳೆ! ಯಾರ ಹುಲ್ಲಿನ ಮೆದೆ ಉಳಿಸಲು ಜವರಪ್ಪ ಊಟದ ತಟ್ಟೆ ಬಿಟ್ಟು ಓಡಿದ್ದನೋ ಅವರೇ ತಟ್ಟುತ್ತಿದ್ದರು. ಅಗ್ನಿಶಾಮಕ ಠಾಣೆಯ ನೆಲದ ಮೇಲೆ ಚೌಕಾಬಾರದ ಮನೆ ಗೀಚಿದ್ದು ನಿಜ. ಗೀಚಿದವನು ಜವರಪ್ಪನೇ. ಅದಕ್ಕೇ ಅವನಿಗೆ ಇನ್ನಷ್ಟು ಉರಿ.

ತೆರಿಗೆ ಹೋಯಿತು, ಉಳಿತಾಯ ಬಂತು. ಅಪಾಯದ ಭತ್ಯೆ ನಿಂತಿತು. ಎರಡನೇ ಡ್ರೈವರನ ಹುದ್ದೆ ಹಾರಿಹೋಯಿತು. ಮಂತ್ರಿಗಳ ಸಹಿಯೇ ಇದ್ದ ಸುತ್ತೋಲೆಯೊಂದು ಠಾಣೆಯ ಗೋಡೆಗೆ ಅಂಟಿತು. ಬೆಂಕಿ ಕರೆ ಬಿಟ್ಟು ಬೇರೆ ಯಾವ ಕೆಲಸಕ್ಕೂ ಗಾಡಿ ಹೊರಡಕೂಡದು, ಹೊರಟರೆ ಡೀಸೆಲಿನ ದುಡ್ಡು ಚಾಲಕನ ಸಂಬಳದಿಂದಲೇ ಮುರಿಯುವುದು.

ಆಮೇಲಿನ ತಿಂಗಳೇ ಹಳ್ಳಿಯೊಂದರಲ್ಲಿ ದನದ ಕೊಟ್ಟಿಗೆಗೆ ಬೆಂಕಿ ಬಿತ್ತು. ಫೈರ್‌ಮನ್ ಚಿಕ್ಕಬೀರಪ್ಪ ಜವರಪ್ಪನ ಜೊತೆಗೇ ಕೆಲಸಕ್ಕೆ ಸೇರಿದವನು, ಚೌಕಾಬಾರದಲ್ಲಿ ಅವನ ಎದುರಾಳಿ. ನೀರಿನ ಪೈಪು ಹಿಡಿದು ಒಳಗೆ ನುಗ್ಗಿದ. ಹೊಸ ಪೈಪು ಕೊಡಿ ಅಂತ ಎರಡು ವರ್ಷ ಬರೆದರೂ ಬಂದಿರಲಿಲ್ಲ. ಹಳೆಯದು ನಡುವೆ ಒಡೆದು ನೀರು ನಿಂತಿತು, ಉರಿಯುವ ತೊಲೆ ಅವನ ಬಲಗೈ ಮೇಲೆ ಬಿತ್ತು. ಅಂಗಿಯ ತೋಳು ಬಿಚ್ಚಿದರೆ ಚರ್ಮವೂ ಜೊತೆಗೆ ಬಂತು. ಜವರಪ್ಪ ಅವನನ್ನು ಗಾಡಿಯಲ್ಲಿ ಕೂರಿಸಿಕೊಂಡು ನೇರ ಹೊಸಕೋಟೆಯ ಆಸ್ಪತ್ರೆಗೆ ಹೊಡೆದ.

ತಿಂಗಳ ಕೊನೆಗೆ ಅವನ ಸಂಬಳದಲ್ಲಿ ನಲವತ್ತೆರಡು ರೂಪಾಯಿ ಮುರಿದಿದ್ದರು. ಆಸ್ಪತ್ರೆ ಬೆಂಕಿ ಕರೆಯಲ್ಲವಂತೆ. ಚಿಕ್ಕಬೀರಪ್ಪನಿಗೋ ರಜೆ ಮುಗಿದು ಸಂಬಳವೇ ನಿಂತಿತು. ಆ ಮಂತ್ರಿಯನ್ನು ಜನರೆದುರೇ ಮುಖದ ಮೇಲೆ ಹೊಡೆದ ಹಾಗೆ ಕೇಳದೆ ಸಾಯುವುದಿಲ್ಲ ಅಂತ ಜವರಪ್ಪ ಅವತ್ತೇ ನಿರ್ಧರಿಸಿದ.

ಕೇಳಿದ್ದನ್ನೆಲ್ಲ ದೇವರು ಕೊಡುವುದಿಲ್ಲ, ಆದರೆ ಈ ಸಲ ಕೊಟ್ಟ. ಮುಂದಿನ ಫೆಬ್ರವರಿಯಲ್ಲಿ ಹಾಲಿನ ಡೇರಿಯ ಕಟ್ಟಡವೊಂದನ್ನು ಉದ್ಘಾಟಿಸಲು ಅದೇ ಮಂತ್ರಿ ಹೆಲಿಕಾಪ್ಟರಿನಲ್ಲಿ ಬರುತ್ತಾರೆ ಅಂತ ಸುದ್ದಿ ಬಂತು. ಇಳಿಯುವ ಜಾಗ ಠಾಣೆಯ ಎದುರಿನ ಮೈದಾನ. ಕೆಂಪು ಮಣ್ಣು, ಕಾಲಿಟ್ಟರೆ ಪಾದ ಮುಳುಗುವಷ್ಟು ಧೂಳು. ಇಂಥ ಕಡೆ ಬೆಂಕಿ ಗಾಡಿ ತಂದು ನೆಲ ನೆನೆಸುವುದು ಮಾಮೂಲು.

ಬೆಳಿಗ್ಗೆ ಅಂಗಿ ಕೊಡುತ್ತಾ ಮುನಿಗಂಗಮ್ಮ ಅತ್ತುಬಿಟ್ಟಳು. "ಕೆಲಸ ಹೋದ್ರೆ ಮಕ್ಕಳ ಗತಿ ಏನು?"

"ಇವತ್ತು ಬಿಟ್ರೆ ನೀನು ಸಾಯೋವರ್ಗೂ ಈ ಚೀಟಿ ಕಾಯ್ತಾ ಇರ್ಬೇಕಾಗುತ್ತೆ ಕಣೇ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಚೀಟಿಯನ್ನು ತಾನೇ ಜೇಬಿಗೆ ಸೇರಿಸಿ ಗುಂಡಿ ಹಾಕಿದಳು.

ಠಾಣಾಧಿಕಾರಿ ಶ್ರೀಧರ್ ಹೊಸ ಹುಡುಗ, ಪಾಪ, ಬೆವೆತುಹೋಗಿದ್ದ. "ಗಾಡಿ ತೆಗೀರಿ ಜವರಪ್ಪ. ನೆಲ ನೆನೆಸ್ಬೇಕು."

"ಬರೆದು ಕೊಡಿ ಸಾರ್."

"ಏನ್ ಬರೆಯೋದ್ರೀ? ರಸ್ತೆ ದಾಟಿದ್ರೆ ಮೈದಾನ. ಐವತ್ತು ಹೆಜ್ಜೆ!"

"ಐವತ್ತೇ ಆಗ್ಲಿ. ಬೆಂಕಿ ಎಲ್ಲಿದೆ ಸಾರ್?"

ತಹಸೀಲ್ದಾರರು ಜೀಪಿನಲ್ಲಿ ಬಂದು ಕೂಗಾಡಿದರು. ಬರೆದುಕೊಡ್ತೀನಿ ಅಂತ ಪೆನ್ನನ್ನೂ ತೆಗೆದರು. ಜವರಪ್ಪ ಗೋಡೆ ತೋರಿಸಿದ. ಅವರು ಸುತ್ತೋಲೆ ಓದಿದರು, ಕೆಳಗಿನ ಸಹಿ ನೋಡಿದರು, ಪೆನ್ನಿಗೆ ಕ್ಯಾಪ್ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ಓಡಿಸಲು ಬೇರೆ ಡ್ರೈವರನೂ ಇರಲಿಲ್ಲ. ಗಡಿಬಿಡಿಯಲ್ಲಿ ಟ್ರಾಕ್ಟರ್ ಟ್ಯಾಂಕರು ತರಿಸಿ ಎರಡು ಸಲ ನೀರು ಸುರಿಸಿದರು. ಬಿಸಿಲಿಗೆ ಹನ್ನೊಂದರ ಹೊತ್ತಿಗೆ ಅದೆಲ್ಲ ಆರಿಹೋಗಿತ್ತು.

ಹೆಲಿಕಾಪ್ಟರ್ ಇಳಿಯಿತು. ಅಯ್ಯೋ, ಏನು ಹೇಳಲಿ! ಮೈದಾನಕ್ಕೆ ಮೈದಾನವೇ ಎದ್ದು ನಿಂತಿತು. ಶಾಮಿಯಾನ ಕಿತ್ತುಕೊಂಡು ಹಾರಿತು. ವಾಲಗದವರು ವಾದ್ಯ ಬಿಟ್ಟು ಕೆಮ್ಮಿದರು. ಬಿಳಿ ಪಂಚೆ, ಬಿಳಿ ಜುಬ್ಬದಲ್ಲಿ ಇಳಿದ ಮಂತ್ರಿ ಹತ್ತು ಹೆಜ್ಜೆಯಲ್ಲಿ ಇಟ್ಟಿಗೆ ಗೂಡಿನಿಂದ ಬಂದವರ ಹಾಗಾದರು. ಎರಡೂ ಕಣ್ಣು ಮುಚ್ಚಿ, ಯಾರದೋ ಭುಜ ಹಿಡಿದು ತಡಕಾಡುತ್ತಾ ಬಂದರು. ಠಾಣೆಯ ಬಾಗಿಲಲ್ಲಿ ತೊಳೆದು ಮಿಂಚುತ್ತಾ, ಹೊಟ್ಟೆ ತುಂಬ ನೀರು ತುಂಬಿಕೊಂಡು, ಬೆಂಕಿ ಗಾಡಿ ನಿಂತೇ ಇತ್ತು.

"ಯಾವನೋ ಅವನು ಡ್ರೈವರು? ಕರೀರಿ!" ಮಂತ್ರಿ ಕೂಗಿದರು.

ಜವರಪ್ಪ ಟೋಪಿ ಸರಿ ಮಾಡಿಕೊಂಡು, ರಸ್ತೆ ದಾಟಿ, ಸೆಲ್ಯೂಟ್ ಹೊಡೆದ.

"ಗಾಡಿ ಯಾಕ್ ತರ್ಲಿಲ್ಲ?"

ಅವನು ಜೇಬಿನ ಗುಂಡಿ ಬಿಚ್ಚಿ ಚೀಟಿ ತೆಗೆದ. ಬಿಡಿಸಿ ಮುಂದೆ ಹಿಡಿದ. "ಸುಟ್ಟುಹೋದ ಚಿಕ್ಕಬೀರಪ್ಪನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದಕ್ಕೆ ನನ್ನ ಸಂಬಳ ಮುರಿದ ಚೀಟಿ ಸಾರ್ ಇದು. ತಮ್ಮ ಸಹಿ ಗೋಡೆ ಮೇಲಿದೆ. ತಮ್ಮ ಧೂಳಿಗೆ ನೀರು ಹಾಕೋಕೆ ಯಾರ ಸಂಬಳ ಮುರೀಬೇಕು, ತಾವೇ ಹೇಳಿ. ಅಲ್ಲೀವರ್ಗೂ ನಾವು ಚೌಕಾಬಾರ ಆಡ್ತಿರ್ತೀವಿ."

ಜನರ ನಡುವೆ ಯಾರೋ ಕಿಸಕ್ಕೆಂದರು. ಆಮೇಲೆ ಮೈದಾನವೆಲ್ಲ ನಕ್ಕಿತು. ಅವತ್ತು ಚಪ್ಪಾಳೆ ತಟ್ಟಿದ್ದವರೇ ಇವತ್ತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಂತ್ರಿಗಳು ಉತ್ತರ ಕೊಡಲು ಬಾಯಿ ತೆರೆದರೆ ಬಾಯಿ ತುಂಬ ಮಣ್ಣು.

ಹತ್ತೇ ದಿನಕ್ಕೆ ಜವರಪ್ಪನಿಗೆ ರಾಯಚೂರಿನ ಕಡೆಗೆ ವರ್ಗವಾಯಿತು. ಅದರ ಹಿಂದೆಯೇ ಹೊಸ ಸುತ್ತೋಲೆಯೂ ಬಂತು. ಗಣ್ಯರ ಹೆಲಿಕಾಪ್ಟರ್ ಇಳಿಯುವ ಜಾಗಕ್ಕೆ ನೀರು ಹಾಕುವುದನ್ನು ಇನ್ನು ಮುಂದೆ ಬೆಂಕಿ ಕರೆ ಎಂದೇ ತಿಳಿಯತಕ್ಕದ್ದು. ಆಸ್ಪತ್ರೆಯ ಬಗ್ಗೆ ಒಂದಕ್ಷರವಿಲ್ಲ.

ಹೊರಡುವ ದಿನ ಅವನು ಚಿಕ್ಕಬೀರಪ್ಪನ ಮನೆಗೆ ಹೋಗಿ ಆ ಹೊಸ ಸುತ್ತೋಲೆಯನ್ನು ಓದಿ ಹೇಳಿದ. "ಮುಂದಿನ ಸಲ ಸುಟ್ಕೊಳ್ಳೋದಾದ್ರೆ ಹೆಲಿಕಾಪ್ಟರ್ ಇಳಿಯೋ ಜಾಗದಲ್ಲೇ ಸುಟ್ಕೊಳ್ಳೋ. ಗಾಡಿ ಬರುತ್ತೆ."

ಚಿಕ್ಕಬೀರಪ್ಪ ನಗಲಿಲ್ಲ. ಮಡಚಲಾಗದ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ಕಣ್ಣಿಗೆ ಧೂಳು ಸರಿಯಾಗಿ ಬಿತ್ತೇನೋ ಆ ಮಂತ್ರಿಗೆ?"

"ಬಿತ್ತು."

"ಎರಡಕ್ಕೂ?"

"ಎರಡಕ್ಕೂ ಕಣೋ. ಮೂರು ದಿನ ಔಷಧಿ ಬಿಡಿಸ್ಕೊಂಡ್ನಂತೆ."

ಚಿಕ್ಕಬೀರಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿದ. "ಬಸ್ಸಿಗಿನ್ನೂ ಹೊತ್ತಿದೆ," ಅಂದ. "ಹೆಲಿಕಾಪ್ಟರ್ ಇಳೀತಲ್ಲ, ಅಲ್ಲಿಂದ ಇನ್ನೊಂದ್ಸಲ ಹೇಳು."