ನನಗೆ ಹೊಡೆದ ಚಪ್ಪಾಳೆ

ಹುಮನಾಬಾದಿನಿಂದ ಚಿಟಗುಪ್ಪಕ್ಕೆ ಹೋಗುವ ದಾರಿಯಲ್ಲಿರುವ ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ನಾನು ಏಳನೆಯ ತರಗತಿಯಲ್ಲಿದ್ದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಅದೇ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಳು. ಪ್ರತಿ ಶನಿವಾರ ಹೆಡ್‌ಮಾಸ್ತರರೇ ನೀತಿಪಾಠ ಹೇಳುತ್ತಿದ್ದರು. ಅವರ ದನಿ ಚೆನ್ನಾಗಿತ್ತು. ವಚನ ಹೇಳತೊಡಗಿದರೆ ಗದ್ದಲ ಮಾಡುವವರೂ ಸುಮ್ಮನಾಗುತ್ತಿದ್ದರು. ಏನೇ ಆದರೂ ಖರೇ ಹೇಳಬೇಕು ಎಂಬ ಅವರ ಮಾತನ್ನು ಎಲ್ಲರೂ ಕೇಳಿದ್ದರು, ನಾನು ನಂಬಿದ್ದೆ.

ಆ ವರ್ಷ ಊಟದ ಜೊತೆ ಮೊಟ್ಟೆ ಕೊಡಬೇಕೆಂದು ಆದೇಶ ಬಂದಿತ್ತು. ಶಾಲೆಗೆ ತತ್ತಿ ಬರುತ್ತಲೂ ಇದ್ದವು. ಆದರೆ ಟ್ರೇಗಳು ಹೆಡ್‌ಮಾಸ್ತರರ ಮೋಟರ್‌ಸೈಕಲ್ ಏರಿ ಹುಮನಾಬಾದಿನ ಒಂದು ಖಾನಾವಳಿಗೆ ಹೋಗುತ್ತಿದ್ದವು. ಅದು ಅವ್ವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಒಂದು ದಿನ ತಾಲ್ಲೂಕಿನ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಊಟಕ್ಕೆ ಕೂತಿದ್ದ ನಮ್ಮ ಸಾಲಿನ ಮುಂದೆ ನಿಂತು, "ತತ್ತಿ ಕೊಡ್ತಾರೇನು?" ಎಂದು ಕೇಳಿದರು. ಎಲ್ಲರೂ ಹೌದೆಂದು ತಲೆಯಾಡಿಸಿದರು. ನಾನು ಎದ್ದು ನಿಂತು, "ಇಲ್ರಿ ಸರ್, ಕೊಡಂಗಿಲ್ರಿ," ಎಂದೆ.

ಹೆಡ್‌ಮಾಸ್ತರರು ಸಿಟ್ಟಾಗಲಿಲ್ಲ. "ಇಕಿ ಅವ್ವನೇ ಅಡಗಿ ಮಾಡ್ತಾಳ್ರಿ ಸಾಹೇಬ್ರ. ಗರೀಬ್ ಮಂದಿ. ಮನೀಗಿ ಒಯ್ದಿರಬೇಕು. ನಾ ವಿಚಾರಸ್ತೀನ್ರಿ," ಎಂದರು.

"ನಾ ಒಯ್ದಿಲ್ರಿ," ಎಂದಳು ಅವ್ವ. ಮುಂದೆ ಒಂದು ಮಾತು ಹೇಳಿದ್ದರೂ ಕೆಲಸ ಹೋಗುತ್ತಿತ್ತು. ಸಾಹೇಬರು ಚಹಾ ಕುಡಿದು ಜೀಪು ಹತ್ತಿದರು.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಾಸ್ತರರು ಅವ್ವನನ್ನು ಧ್ವಜದ ಕಟ್ಟೆಯ ಹತ್ತಿರ ಕರೆಸಿ ನಿಲ್ಲಿಸಿದರು. ಬೇಳೆ ತೊಳೆದ ನೀರು ಅವಳ ಕೈಯಲ್ಲಿ ಇನ್ನೂ ಆರಿರಲಿಲ್ಲ. ಆಮೇಲೆ ನನ್ನನ್ನು ಕರೆದು, ಹೆಗಲ ಮೇಲೆ ಕೈಯಿಟ್ಟು, ಮೆಲ್ಲಗೆ ಕೇಳಿದರು: "ನೀ ಖರೇ ಹೇಳೋ ಹುಡುಗಿ. ನಿಮ್ಮ ಮನ್ಯಾಗ ತತ್ತಿ ಯಾವಾಗ ತಿಂದೀರಿ?"

"ಮೊನ್ನಿ ಐತವಾರ ರೀ ಸರ್. ನಮ್ಮ ಕೋಳಿ..."

ಕೋಳಿಯ ಮಾತು ಯಾರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ಇಡೀ ಶಾಲೆ ನಕ್ಕಿತ್ತು. ಹೆಡ್‌ಮಾಸ್ತರರು ಕೈ ಎತ್ತಿ ಸುಮ್ಮನಿರಿಸಿದರು. "ನಗಬ್ಯಾಡ್ರಿ. ಹಡೆದವ್ವನ ಸಲುವಾಗಿನೂ ಈ ಹುಡುಗಿ ಸುಳ್ಳು ಹೇಳಲಿಲ್ಲ. ಸಂಸ್ಕಾರ ಅಂದ್ರ ಇದು. ಚಪ್ಪಾಳಿ ಹೊಡೀರಿ."

ಎಲ್ಲರೂ ಹೊಡೆದರು. ನನ್ನ ಗೆಳತಿಯರೂ ಹೊಡೆದರು. ಹೆಡ್‌ಮಾಸ್ತರರು ತಮ್ಮ ಜೇಬಿನಿಂದ ಪೆನ್ನು ತೆಗೆದು ನನಗೆ ಬಹುಮಾನ ಕೊಟ್ಟರು. ಅವ್ವ ತಲೆ ಎತ್ತಲಿಲ್ಲ. ಅವತ್ತೇ ಅವಳನ್ನು ಕೆಲಸದಿಂದ ತೆಗೆದರು.

ಸಂಜೆ ಅವ್ವ ನಮ್ಮ ಕೋಳಿಯನ್ನು ಹಿಡಿದು ಕೊಯ್ದಳು. ಮೊಟ್ಟೆ ಇಡುವ ಕೋಳಿ ಅದೊಂದೇ. ಖಾರ ಹಾಕಿ ಬೇಯಿಸಿ ನನ್ನ ತಾಟಿಗೆ ಸುರಿದಳು. ತಾನು ಒಂದು ತುಂಡೂ ಮುಟ್ಟಲಿಲ್ಲ.

"ತಿನ್ನು. ಇನ್ನ ಯಾರರ ಕೇಳಿದ್ರ, ನಮ್ಮ ಮನ್ಯಾಗ ತತ್ತಿ ಇಲ್ಲ ಅನ್ನು. ಅದೂ ಖರೇನೇ ಆಗ್ತದ."

ನಾನು ಅಳುತ್ತ ತಿಂದೆ. ತಾಟು ಖಾಲಿಯಾಗುವವರೆಗೂ ಅವಳು ಎದುರಿನಿಂದ ಏಳಲಿಲ್ಲ.

ಆ ಹಂಗಾಮಿನಲ್ಲಿ ಅವ್ವ ಹಳ್ಳಿಖೇಡದ ಕಡೆ ಕಬ್ಬು ಕಡಿಯಲು ಹೋದಳು. ಕಡಿಯುವ ಕೊಯ್ತ ಜಾರಿ ಎಡಗೈಗೆ ಬಿತ್ತು. ಎರಡು ಬೆರಳು ಈಗಲೂ ಮಡಚುವುದಿಲ್ಲ. ಊರಲ್ಲಿ ಕಳ್ಳಿ ಎಂಬ ಹೆಸರು ಹೋಗಲಿಲ್ಲವಾದ್ದರಿಂದ ನಾವು ಬಸವಕಲ್ಯಾಣಕ್ಕೆ, ಅವ್ವನ ತಂಗಿ ಚಿಗವ್ವನ ಮನೆಯ ಹತ್ತಿರ ಬಂದೆವು. ಹೆಡ್‌ಮಾಸ್ತರರು ಶಾಲು, ಹಾರ ಹಾಕಿಸಿಕೊಂಡು ನಿವೃತ್ತರಾದರೆಂದು ಯಾರೋ ಹೇಳಿದರು.

ಈಗ ನಾನು ಇಲ್ಲೇ ಕಾಲೇಜಿನಲ್ಲಿದ್ದೇನೆ. ಅವ್ವ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾಳೆ. ಆ ದಿನದ ಬಗ್ಗೆ ನಾವು ಮಾತಾಡಿರಲೇ ಇಲ್ಲ. ಮೊನ್ನೆ ಬೆಳಿಗ್ಗೆ ಅವಳು ಹೊರಟು ನಿಂತಾಗ ನಾನೇ ಕೇಳಿದೆ.

"ಯವ್ವಾ, ಅವತ್ತು ನನ್ನ ಮ್ಯಾಲೆ ಭಾಳ ಸಿಟ್ಟು ಬಂದಿತ್ತೇನ?"

"ಸಿಟ್ಟಲ್ಲ. ನೀ ಯಾಕರ ಹುಟ್ಟಿದಿ ಅನಿಸಿತ್ತು."

"ಈಗ?"

ಅವಳು ಚಪ್ಪಲಿ ಮೆಟ್ಟಿಕೊಂಡಳು. "ಹೊತ್ತಾತು. ಬಾಗಿಲ ಹಾಕ್ಕೋ," ಎಂದು ಹೋದಳು.