ಲಾಂಚಿನ ಗೇಜು ಒರೆಸಿದ್ದು

ನನಗೆ ಮೊದಲಿನಿಂದಲೂ ಹೇಸಿಗೆ ಹೆಚ್ಚು. ಮನೆತನದವರೆಲ್ಲ ಸಂಸ್ಕೃತ ಓದಿ, ಇನ್ನೊಬ್ಬರಿಗೆ ಓದಿಸಿ ಬದುಕಿದವರು. ನಾನೊಬ್ಬ ಸೋಲಾಪುರಕ್ಕೆ ಹೋಗಿ ಗಡಿಯಾರ ರಿಪೇರಿ ಕಲಿತು ಬಂದು, ಇಳಕಲ್ಲಿನ ಪೇಟೆಯಲ್ಲಿ ಅಂಗಡಿ ಹಾಕಿದೆ. ಆ ಕಸುಬು ಹಿಡಿಸಿದ್ದೂ ಅದು ಸ್ವಚ್ಛವಾದದ್ದೆಂದೇ. ಬೆರಳಿಗೆ ಹನಿ ಎಣ್ಣೆ ಹತ್ತಿದರೆ ಎದ್ದು ಹೋಗಿ ಕೈ ತೊಳೆದು ಬರುತ್ತಿದ್ದೆ.

ಆಗ ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದೆವು. ಹುನಗುಂದದಾಚೆ ಕೃಷ್ಣೆಯಲ್ಲಿ ಜನರನ್ನು ದಾಟಿಸುವ ಗುತ್ತಿಗೆ ಹಿಡಿದಿದ್ದವರೊಬ್ಬರು ಮುಂಬಯಿಯಿಂದ ಹಳೆಯ ಮೋಟಾರು ಲಾಂಚೊಂದನ್ನು ಕೊಂಡು ಲಾರಿಯ ಮೇಲೆ ತರಿಸಿದ್ದರು. ಅದನ್ನು ನಡೆಸಲು ಹುನಗುಂದದ ಒಬ್ಬ ಸಾಬರನ್ನು ಇಟ್ಟುಕೊಂಡಿದ್ದರು. ಐವತ್ತರ ಹತ್ತಿರದ ಮನುಷ್ಯ. ಮುಂಬಯಿ ಬಂದರದಲ್ಲಿ ದುಡಿದು ಊರಿಗೆ ಮರಳಿದವರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಒಂದು ದಿನ ಅವರೇ ಅಂಗಡಿಗೆ ಬಂದರು.

"ರಾಯರ, ಲಾಂಚಿನ್ಯಾಗ ಮೂರು ಗೇಜ ಅದಾವ್ರಿ. ಒಳಗ ಮಂಜ ಹಿಡದೈತಿ, ಮುಳ್ಳ ಕಾಣವಲ್ದು. ಅಲ್ಲೀತನಕ ಬರ್ತೀರೇನ್ರಿ?"

"ಗಡಿಯಾರ ಬಿಟ್ಟು ಬ್ಯಾರೆ ಏನೂ ಮುಟ್ಟಿಲ್ಲ, ಚಾಚಾ."

"ಅದೂ ಗಡಿಯಾರದ್ದೇ ಜಾತಿ. ಗ್ಲಾಸ ಐತಿ, ಮುಳ್ಳೈತಿ."

ಹೋದೆ. ದಂಡೆಯಿಂದಲೇ ನಾತ ಬಂತು. ಲಾಂಚಿನ ತಳದಲ್ಲಿ ಗೇಣಷ್ಟು ನೀರು ನಿಂತಿತ್ತು. ಅದರ ಮೇಲೆ ಡೀಜೆಲ್ಲಿನ ಬಣ್ಣಬಣ್ಣದ ಕೆನೆ, ಕೆನೆಯಲ್ಲಿ ಆಡಿನ ಹಿಕ್ಕೆ, ಬೀಡಿ ತುಂಡು, ಹೊಟ್ಟೆ ಉಬ್ಬಿದ ಒಂದೆರಡು ಮೀನು. ಎಲೆಅಡಿಕೆ ಉಗುಳಿ ಉಗುಳಿ ಹಲಗೆಗಳೆಲ್ಲ ಕೆಂಪಾಗಿದ್ದವು. ಗೇಜುಗಳಿದ್ದ ಫಲಕದ ಹಿಂದೆ ಕೈ ಹಾಕಬೇಕಾದರೆ ಆ ನೀರಿನಲ್ಲೇ ಮೊಣಕಾಲೂರಬೇಕು. ಊರಿದೆ. ಹಿಂದಿನ ಯಾವನೋ ರಿಪೇರಿಯವ ಗಾಜಿನ ಸುತ್ತ ಡಾಂಬರು ಮೆತ್ತಿದ್ದ. ಗೇಜಿನ ಬೆನ್ನಿಗೆ ಬಲ್ಬು ಕೂರುವ ತೂತುಗಳಲ್ಲಿ ಬಲ್ಬಿರಲಿಲ್ಲ, ಹೊಲಸು ಅರಿವೆ ತುರುಕಿದ್ದ. ಅದನ್ನು ಎಳೆದ ಕೂಡಲೇ ಜೊಂಡಿಗಗಳು ನನ್ನ ಮೊಣಕೈತನಕ ಹರಿದವು. ನಾನು ಹೊರಗೆ ಬಾಗಿ ಹೊಳೆಗೆ ವಾಂತಿ ಮಾಡಿದೆ.

ಚಾಚಾ ನಗಲಿಲ್ಲ. ಬಾಯಿ ಮುಕ್ಕಳಿಸಲು ನೀರು ಕೊಟ್ಟು, "ಮೊದಲ ವಾರ ನನಗೂ ಹಿಂಗ ಆಗಿತ್ರಿ," ಎಂದರು.

ಮೂರನ್ನೂ ಬಿಚ್ಚಿ ದಂಡೆಯ ಮೇಲೆ ಚಾದರ ಹಾಸಿ ಕೂತೆ. ಗಾಜಿನ ಸುತ್ತಲಿನ ಹಿತ್ತಾಳೆಯ ಬಳೆ ಬಿಡಿಸಿ ಗಾಜು ತೆಗೆದೆ. ಒಳಗೆ ಹಸಿರು ಕಿಲುಬು, ಜೊಂಡಿಗದ ಮೊಟ್ಟೆ. ಪೆಟ್ರೋಲಿನಲ್ಲಿ ತೊಳೆದು, ಬಿಸಿಲಿಗೆ ಕಾದ ಮರಳಿನ ಮೇಲೆ ಇಟ್ಟು ಆರಿಸಿದೆ. ಸೈಕಲ್ ಟ್ಯೂಬಿನ ರಬ್ಬರು ಕತ್ತರಿಸಿ ಗಾಜಿನ ಕೆಳಗೆ ಕೂರಿಸಿದೆ. ಮರುದಿನ ನೋಡಿದರೆ ಮತ್ತೆ ಮಂಜು! ಎಂಜಿನ್ನಿನ ಬಿಸಿನೀರಿನ ಕೊಳವೆ ಬಿರುಕುಬಿಟ್ಟು, ಅದರ ಹಬೆ ಹಿಂದಿನಿಂದ ತೂತುಗಳೊಳಗೆ ನುಗ್ಗುತ್ತಿತ್ತು. ಚಾಚಾ ಕೊಳವೆ ಬದಲಿಸಿದರು, ನಾನು ತೂತುಗಳಿಗೆ ಬೂಚು ಬಡಿದು ಅರಗು ಹಾಕಿದೆ. ಮೂರನೆಯ ದಿನಕ್ಕೆ ಗಾಜುಗಳು ತಿಳಿಯಾದವು.

ಆಗಲೇ ನಿಜ ಕಂಡದ್ದು. ಎಂಜಿನ್ ಕಾದ ಮೇಲೆ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ನಡುವಿನ ಗೆರೆಗೂ ಏರದೆ ಕೆಳಗೇ ತೂಗಾಡಿತು.

"ಎಂಜಿನ್ ಸವದೈತ್ರಿ," ಎಂದರು ಚಾಚಾ. "ಬಿಚ್ಚಿ ಕಟ್ಟಬೇಕು. ಇಲ್ಲಂದ್ರ ಒಂದಿನ ನಡುಹೊಳ್ಯಾಗ ಹಿಡಕೊಂಡು ನಿಲ್ತದ." ಅದು ಶುಕ್ರವಾರ. ಅಷ್ಟು ಹೇಳಿ ಅವರು ನಮಾಜಿಗೆಂದು ಹುನಗುಂದಕ್ಕೆ ಹೋದರು.

ಅವರು ಹೋಗುವುದನ್ನೇ ಕಾಯುತ್ತಿದ್ದವರಂತೆ ಗುತ್ತೇದಾರರು ಬಂದರು. ಬೆಳ್ಳಗಿನ ಧೋತರ, ಬಾಯಿತುಂಬ ಎಲೆಅಡಿಕೆ.

"ಗಡಿಯಾರದವರ, ನಾಳೆ ತಪಾಸಣಿಗೆ ಸಾಹೇಬ್ರು ಬರ್ತಾರ. ಆ ಮುಳ್ಳ ಚಂದಂಗ ಮ್ಯಾಲೆ ನಿಲ್ಲಬೇಕು ನೋಡ್ರಿ."

"ಅದು ಇದ್ದದ್ದನ್ನ ತೋರಸ್ತದರಿ."

"ಇದ್ದದ್ದು ಯಾರಿಗೆ ಬೇಕಾಗೇತಿ? ನಿಮಗ ಬರೂದಿಲ್ಲಂದ್ರ ಹೇಳ್ರಿ, ಬಾಗಲಕೋಟಿಯಿಂದ ಬ್ಯಾರೆಯವರ್ನ ಕರಸ್ತೇನಿ."

'ಬರುವುದಿಲ್ಲ' ಎಂಬ ಆ ಮಾತಿಗೆ ನಾನು ಸಿಕ್ಕಿಬಿದ್ದೆ. ಗೇಜಿನೊಳಗೊಂದು ಸಣ್ಣ ಕೊಂಡಿಯಿರುತ್ತದೆ. ಅದನ್ನು ಕೂದಲೆಳೆಯಷ್ಟು ಸರಿಸಿದರೆ ತುಸುವೇ ಒತ್ತಡಕ್ಕೂ ಮುಳ್ಳು ದೂರ ಓಡುತ್ತದೆ. ಎಂಜಿನ್ ನಿಂತರೆ ಸೊನ್ನೆಗೇ ಮರಳುತ್ತದೆ. ಯಾರಿಗೂ ಸಂಶಯ ಬರುವುದಿಲ್ಲ. ಕಣ್ಣಿಗೆ ಭೂತಗನ್ನಡಿ ಏರಿಸಿ ಸರಿಸಿದೆ. ಎಷ್ಟು ನಾಜೂಕಾಗಿ ಮಾಡಿದೆನೆಂದು ನನಗೆ ನಾನೇ ಹಿಗ್ಗಿದ್ದೂ ಉಂಟು. ಇಂದು ನೆನೆದರೆ ಆ ಹಿಗ್ಗಿಗೇ ಹೆಚ್ಚು ಹೇಸುತ್ತೇನೆ. ಗುತ್ತೇದಾರರು ಮೆಚ್ಚಿ ಬೆನ್ನು ತಟ್ಟಿದರು. ಅವರ ಬಾಯಿಯ ತುಂತುರು ನನ್ನ ಕೆನ್ನೆಗೆ ಬಿತ್ತು. ಒರೆಸಿಕೊಂಡೆ.

ಮರುದಿನ ಸಾಹೇಬರು ಮೂಗಿಗೆ ಕರ್ಚೀಪು ಹಿಡಿದು ದಂಡೆಯ ಮೇಲೇ ನಿಂತು ಲಾಂಚು ನೋಡಿದರು. ಒಳಗೆ ಕಾಲಿಡಲೇ ಇಲ್ಲ. ಗುತ್ತೇದಾರರ ಮನೆಯಲ್ಲಿ ಊಟ ಮಾಡಿ ಸಹಿ ಹಾಕಿ ಹೋದರಂತೆ. ಚಾಚಾ ಮುಳ್ಳು ನೋಡಿ ಹುಬ್ಬೇರಿಸಿದರು. "ಗೇಜಿನ್ಯಾಗ ಕಸ ಸಿಕ್ಕಿತ್ತು, ತಗದೀನಿ" ಎಂದು ಸುಳ್ಳು ಹೇಳಿದೆ. "ಹಂಗಾರ ಎಂಜಿನ್ ಗಟ್ಟಿ ಐತಿ ಅನ್ರಿ!" ಎಂದು ಅವರು ಖುಷಿಪಟ್ಟರು.

ಹೊಳೆಗೆ ಮಳೆಗಾಲದ ಕೆಂಪು ನೀರು ಬಂದ ಹೊಸತರಲ್ಲಿ ಸುದ್ದಿ ತಿಳಿಯಿತು. ಜನ ತುಂಬಿದ್ದ ಲಾಂಚು ನಡುಹೊಳೆಯಲ್ಲಿ ಕೆಟ್ಟು, ಸೆಳವಿಗೆ ಸಿಕ್ಕು ಬಂಡೆಗೆ ಬಡಿದಿತ್ತು. ಹರಿಗೋಲಿನವರು ಬಂದು ಎಲ್ಲರನ್ನೂ ಇಳಿಸಿಕೊಂಡಿದ್ದರು. ಜೀವಕ್ಕೆ ಯಾರಿಗೂ ಅಪಾಯವಾಗಲಿಲ್ಲ. ಇಪ್ಪತ್ತು ದಿನದ ಮೇಲೆ ಚಾಚಾ ಅಂಗಡಿಗೆ ಬಂದರು. ಬಲಗೈಗೆ ಪಟ್ಟಿ ಸುತ್ತಿತ್ತು. ಹಗ್ಗ ಎಸೆಯುವಾಗ ಲಾಂಚಿಗೂ ಬಂಡೆಗೂ ನಡುವೆ ಸಿಕ್ಕು ಎರಡು ಬೆರಳು ಹೋಗಿದ್ದವು.

"ಒಂದ ಮಾತ ತಿಳೀವಲ್ದು ರಾಯರ," ಎಂದರು. "ಎಂಜಿನ್ ಹಿಡಕೊಳ್ಳೂ ತನಕಾ ಮುಳ್ಳ ಮ್ಯಾಲೇ ಇತ್ತು. ನಾ ಕಣ್ಣಾರೆ ನೋಡೀನಿ. ಹಂಗ್ಯಾಂಗ ಆತು?"

ನನ್ನನ್ನು ದೂರಲು ಅವರು ಬಂದಿರಲಿಲ್ಲ, ಕೇಳಲು ಬಂದಿದ್ದರು. ನಾನು ಎಲ್ಲ ಹೇಳಿದೆ.

"ಆ ಶುಕ್ರವಾರ, ನಾ ನಮಾಜಿಗೆ ಹೋದಾಗ?"

"ಹೌದ್ರಿ."

"ಮಂಜ ಇದ್ದಾಗ ನಾ ಅಂಜತಿದ್ದೆ. ಕಿವಿಗೊಟ್ಟು ನಡಸ್ತಿದ್ದೆ. ಸಪ್ಪಳ ಒಂಚೂರು ಬದಲಾದ್ರ ದಂಡಿಗೆ ಹಚ್ತಿದ್ದೆ. ನೀವು ನನ್ನ ಅಂಜಿಕೀನೇ ಒರಸಿಬಿಟ್ರಿ."

ಎದ್ದು ಹೋದರು. ಸಾವಿರ ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಆ ದಿನ ಉಣ್ಣಲು ಕೂತರೆ ನನ್ನ ಕೈಯಿಂದ ನಾನೇ ತುತ್ತು ಎತ್ತಲಾಗಲಿಲ್ಲ. ಬೆರಳು ಎಷ್ಟು ತಿಕ್ಕಿದರೂ ಆ ತಳದ ನೀರಿನ ನಾತವೇ ಬಂದಂತಾಯಿತು.

ವಾರದೊಳಗೆ ಬಾಗಲಕೋಟೆಗೆ ಹೋಗಿ, ಗುತ್ತಿಗೆ ಕೊಟ್ಟ ಕಚೇರಿಯಲ್ಲಿ ಮಾಡಿದ್ದನ್ನೆಲ್ಲ ಬರೆದು ಸಹಿ ಹಾಕಿ ಕೊಟ್ಟೆ. ವಿಚಾರಣೆಗೆ ನನ್ನನ್ನೂ ಚಾಚಾನನ್ನೂ ಕರೆದರು. ಗುತ್ತೇದಾರರು ನನ್ನ ಮುಖವನ್ನೇ ಕಂಡಿಲ್ಲವೆಂದು ದೇವರಾಣೆ ಮಾಡಿದರು. ಆದರೂ ಗುತ್ತಿಗೆ ರದ್ದಾಯಿತು. ಸಹಿ ಹಾಕಿದ ಸಾಹೇಬರನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ಹೊರಗೆ ಬಂದು ನಾವಿಬ್ಬರೂ ಹುನಗುಂದದ ಬಸ್ಸಿಗೆ ಕಾಯುತ್ತ ನಿಂತೆವು. ಬಸ್ಸು ಬಂತು. ಮೊದಲು ನಾನು ಹತ್ತಿ, ತಿರುಗಿ ಚಾಚಾಗೆ ಕೈ ನೀಡಿದೆ. ಅವರು ಅದನ್ನು ನೋಡಿದರು, ಎಡಗೈಯಿಂದ ಕಂಬಿ ಹಿಡಿದು ತಾವೇ ಹತ್ತಿ, ಹಿಂದಿನ ಸೀಟಿಗೆ ಹೋಗಿ ಕೂತರು.